ಘಟ್ಟ ಇಳಿದು ಮಂಗಳೂರಿಗೆ ಹೋಗುವ ನಮ್ಮೂರಿನವರಿಗೆ

ಹಾಸನದಲ್ಲಿ ಮಂಗಳೂರಿಗೆ ಹೋಗದ ಮನೆ ಸಿಗುವುದು ಕಷ್ಟ. ಆದರೆ ಮಂಗಳೂರನ್ನು ನೋಡಿದವರು ಬಹಳ ಕಡಿಮೆ. ದೊಡ್ಡ ಆಸ್ಪತ್ರೆಗೆ ಹೋಗುತ್ತೇವೆ, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೋಗುತ್ತೇವೆ, ಗಲ್ಫಿಗೆ ಹೋಗುವವರನ್ನು ಬಜ್ಪೆಯಲ್ಲಿ ವಿಮಾನ ಹತ್ತಿಸಿ ಬರುತ್ತೇವೆ, ಇಲ್ಲಾ ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಅರ್ಧ ದಿನ ಮಿಕ್ಕಿದರೆ ಪಣಂಬೂರಿನಲ್ಲಿ ಕಾಲು ನೆನೆಸಿ, ಒಂದು ಗಡ್‌ಬಡ್ ಐಸ್‌ಕ್ರೀಂ ತಿಂದು, ಕತ್ತಲಾಗುವ ಹೊತ್ತಿಗೆ ಶಿರಾಡಿ ಹತ್ತುತ್ತೇವೆ. ಊರು ಹಾಗೇ ಉಳಿದುಬಿಡುತ್ತದೆ. ನನಗೆ ಇದು ಬೇಜಾರು. ಏಕೆಂದರೆ ಆ ಊರಿನಲ್ಲಿ ನಮ್ಮ ಘಟ್ಟದ ಪಾಲು ತುಂಬಾ ಇದೆ. ನಮ್ಮ ಮನೆಗಳಲ್ಲೂ ಆ ಊರಿನ ಪಾಲಿದೆ.

ನೀರಿನಿಂದಲೇ ಶುರು ಮಾಡೋಣ. ಸಕಲೇಶಪುರದಲ್ಲಿ ಹೇಮಾವತಿ ಸೇತುವೆ ದಾಟುತ್ತೀರಲ್ಲ, ಆ ನೀರು ಪೂರ್ವಕ್ಕೆ ಹೋಗಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ, ಘಟ್ಟದ ಇಳಿಜಾರು ಶುರುವಾದ ಮೇಲೆ ಬಿದ್ದ ಮಳೆಯದ್ದು ಬೇರೆಯೇ ದಾರಿ. ಮಾರನಹಳ್ಳಿ ಕಡೆಯ ರಸ್ತೆ ಪಕ್ಕದಲ್ಲೇ ಹರಿಯುವ ಕೆಂಪುಹೊಳೆ ಗುಂಡ್ಯದ ಹೊಳೆಗೆ, ಅದು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ನೇತ್ರಾವತಿಯೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಸಾಲಿನಲ್ಲಿ. ಬಂಟ್ವಾಳದ ಹತ್ತಿರ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಅದೇ ನೀರನ್ನು ಮಂಗಳೂರಿನ ನಲ್ಲಿಗಳಿಗೆ ಕೊಡುತ್ತಾರೆ. ಸಕಲೇಶಪುರದ ಕಡೆ ಹುಟ್ಟಿ ಇದೇ ನೇತ್ರಾವತಿಗೆ ಸೇರುವ ಎತ್ತಿನಹೊಳೆಯ ನೀರನ್ನು ತಿರುಗಿಸಿ ಪೂರ್ವದ ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಯಾಯಿತು. ನಮ್ಮ ಕಡೆ ಅದು ಗುತ್ತಿಗೆ, ಪೈಪು, ಲಾರಿ ಓಡಾಟದ ಸುದ್ದಿ. ಮಂಗಳೂರಿನವರಿಗೆ ಅದು ಬೇಸಿಗೆಯಲ್ಲಿ ಕುಡಿಯುವ ನೀರಿನ ಚಿಂತೆ. ಅವರು ಸುಮ್ನೆ ಗಲಾಟೆ ಮಾಡುತ್ತಾರೆ ಅಂತ ಇಲ್ಲಿ ಕೂತು ಹೇಳುವ ಮೊದಲು ಏಪ್ರಿಲ್ ಕೊನೆಯಲ್ಲಿ ತುಂಬೆಗೆ ಹೋಗಿ ಒಮ್ಮೆ ಹೊಳೆ ನೋಡಬೇಕು.

ಇನ್ನೊಂದು ನದಿ ಗುರುಪುರ, ಫಲ್ಗುಣಿ ಅಂತಲೂ ಹೆಸರು. ಈ ಎರಡು ನದಿಗಳ ನಡುವಿನ ಗುಡ್ಡಗಳ ಮೇಲೆ ಮಂಗಳೂರಿದೆ. ಹೊಸದಾಗಿ ಹೋದವರಿಗೆ ಇದು ಬೇಗ ಹೊಳೆಯುವುದಿಲ್ಲ: ಹಳೇ ಮಂಗಳೂರು ಸಮುದ್ರಕ್ಕೆ ಮುಖ ಮಾಡಿಲ್ಲ, ಹೊಳೆಗೆ ಮುಖ ಮಾಡಿದೆ. ಗುರುಪುರ ನದಿ ಕಡಲಿನ ಹತ್ತಿರ ಬಂದು ನೇರವಾಗಿ ಸೇರದೆ ದಕ್ಷಿಣಕ್ಕೆ ತಿರುಗಿ ತೀರದ ಪಕ್ಕದಲ್ಲೇ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಒಂದು ಉದ್ದ ಮರಳಿನ ಪಟ್ಟಿ, ಅದರ ಮೇಲೆ ತಣ್ಣೀರುಬಾವಿ, ಬೆಂಗ್ರೆ. ಆ ಕಡೆಯಿಂದ ನೇತ್ರಾವತಿಯೂ ಬಂದು ಎರಡೂ ಒಂದೇ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಹಾಗಾಗಿ ಊರಿನ ಹಳೇ ಭಾಗದಿಂದ ಬೀಚಿಗೆ ಹೋಗಬೇಕಾದರೆ ಹೊಳೆ ದಾಟಬೇಕು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಬೋಟು ಇದೆ, ಮೀನಿನ ಬೋಟು ನಿಲ್ಲುವ ಧಕ್ಕೆಯ ಕಡೆಯಿಂದ ಬೆಂಗ್ರೆಗೂ ಇದೆ. ಕಾರು ಬಿಟ್ಟು ಆ ಬೋಟಿನಲ್ಲಿ ಹೋಗಿ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಸೈಕಲ್ಲು ಎಲ್ಲ ಒಟ್ಟಿಗೆ. ಮಧ್ಯ ಹೊಳೆಯಲ್ಲಿ ನಿಂತು ಹಿಂದೆ ನೋಡಿದರೆ ಊರಿನ ಗುಡ್ಡಗಳು, ತೆಂಗು, ಮುಂದೆ ನೋಡಿದರೆ ಮರಳಪಟ್ಟಿಯ ಆಚೆ ಕಡಲಿನ ಸದ್ದು. ಮಂಗಳೂರಿನ ಭೂಗೋಳ ಆ ಕೆಲವೇ ನಿಮಿಷದಲ್ಲಿ ಅರ್ಥವಾಗಿಬಿಡುತ್ತದೆ.

ಬತ್ತೇರಿ ಅಂದೆನಲ್ಲ, ಅದು ಕಪ್ಪು ಕಲ್ಲಿನ ಒಂದು ಕಾವಲು ಬುರುಜು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಹೊಳೆಯೊಳಗೆ ಶತ್ರುಗಳ ಯುದ್ಧದ ಹಡಗು ಬಾರದ ಹಾಗೆ. ಅದೇ ಟಿಪ್ಪು 1792ರ ಹೊತ್ತಿಗೆ ನಮ್ಮ ಸಕಲೇಶಪುರದಲ್ಲಿ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಇವೆರಡನ್ನೂ ಬೇರೆ ಬೇರೆ ಟ್ರಿಪ್ಪಿನಲ್ಲಿ ನೋಡಿ ಫೋಟೊ ತೆಗೆದುಕೊಂಡು ಬಂದರೆ ವಿಷಯ ತಪ್ಪಿಹೋಗುತ್ತದೆ. ಒಂದು ದಾರಿಯ ಕೆಳಗಿನ ತುದಿಗೆ ಕಾವಲು, ಇನ್ನೊಂದು ಮೇಲಿನ ತುದಿಗೆ. ಕಡಲಿನಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿ ಕೈಯಲ್ಲಿರಬೇಕು ಅಂತ ಅವನಿಗೆ ಗೊತ್ತಿತ್ತು. ಅವನ ತಂದೆ ಹೈದರಾಲಿ 1763ರಲ್ಲಿ ಮಂಗಳೂರನ್ನು ಹಿಡಿದ. ಆಮೇಲೆ ಊರು ಇಂಗ್ಲಿಷರ ಕೈಗೆ, ಮತ್ತೆ ಮೈಸೂರಿನ ಕೈಗೆ ಅಂತ ಓಡಾಡಿತು. 1784ರ ಮಾರ್ಚಿನಲ್ಲಿ ಆದ ಮಂಗಳೂರು ಒಪ್ಪಂದದಿಂದ ಎರಡನೇ ಮೈಸೂರು ಯುದ್ಧ ನಿಂತಿತು. ಅದೇ ವರ್ಷ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ತುಂಬಾ ಜನ ದಾರಿಯಲ್ಲೇ ಸತ್ತರು. ಉಳಿದವರು ವಾಪಸು ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಇದು ಇವತ್ತಿಗೂ ಮಾಸದ ನೆನಪು. ಕೋಟೆ ನೋಡುವಾಗ ನಾವೂ ಇದನ್ನು ಮರೆಯಬಾರದು.

ಇದಕ್ಕಿಂತ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. ಮಂಗಳೂರನ್ನು ಬಹಳ ಕಾಲ ಆಳಿದವರು ಆಳುಪರು. ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಆಳುಪ ಅರಸ ಕುಂದವರ್ಮನ ಕಾಲದ್ದು, 968ನೇ ಇಸವಿಯದು. ಬೇಲೂರು, ಹಳೇಬೀಡಿನ ಕಲ್ಲು ನೋಡಿ ಬೆಳೆದ ನಾವು ಈ ಕಂಚನ್ನು ನೋಡಲೇಬೇಕು. ಅದರ ಮುಖದಲ್ಲಿರುವ ಶಾಂತಿ ಬೇರೆ ಥರದ್ದು. ಹಳೇಬೀಡಿಗೂ ಆಳುಪರಿಗೂ ನಂಟಸ್ತನವೇ ಇತ್ತು. ಹೊಯ್ಸಳರ ಮೂರನೇ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳುಪ ಮನೆತನದವಳು, ಅವಳೇ ತುಳುನಾಡಿನಲ್ಲಿ ಆಡಳಿತವನ್ನೂ ನಡೆಸಿದಳು. ಕದ್ರಿಯಲ್ಲಿ ದೇವಸ್ಥಾನದ ಹಿಂದೆ ಮೇಲಕ್ಕೆ ಹತ್ತಿದರೆ ಕೆರೆಗಳು, ಮುರಕಲ್ಲಿನ ಗುಹೆಗಳು, ಜೋಗಿ ಮಠ. ಬೆಳಗ್ಗೆ ಬೇಗ ಹೋಗಿ.

12ನೇ ಶತಮಾನದಲ್ಲಿ ಟ್ಯುನೀಶಿಯಾ ಕಡೆಯ ಯಹೂದಿ ವ್ಯಾಪಾರಿ ಒಬ್ಬ, ಅಬ್ರಹಾಂ ಬೆನ್ ಯಿಜು ಅಂತ, ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ಕಾಗದಪತ್ರಗಳು ಎಷ್ಟೋ ನೂರು ವರ್ಷದ ಮೇಲೆ ಕೈರೋದ ಹಳೇ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ. ಕಾಳುಮೆಣಸು, ಅಡಿಕೆಯ ಲೆಕ್ಕ ಅದರಲ್ಲಿದೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಕೂಡ ಇಲ್ಲಿನ ಮೆಣಸು, ಶುಂಠಿಯ ಮಾತು ಬರೆದಿದ್ದಾನೆ. ಆ ಮೆಣಸು ಎಲ್ಲಿಂದ ಬಂದಿರಬೇಕು ಹೇಳಿ? ಘಟ್ಟದ ಕಾಡಿನಿಂದಲೇ ಅಲ್ವಾ. ಇವತ್ತಿಗೂ ಬಂದರು ಪ್ರದೇಶದ ಗಲ್ಲಿಗಳಲ್ಲಿ ನಡೆದರೆ ಅಡಿಕೆ, ಮೆಣಸು, ಒಣಮೀನು ಮೂರರ ವಾಸನೆಯೂ ಸೇರಿ ಮೂಗಿಗೆ ಬರುತ್ತದೆ. ಅಲ್ಲೇ ಝೀನತ್ ಬಕ್ಷ್ ಮಸೀದಿ ಇದೆ, ಒಳಗಿನ ಮರದ ಕೆತ್ತನೆಯ ಕಂಬಗಳು ಬಹಳ ಸುಂದರ. ಕೇಳಿಕೊಂಡು, ಅನುಮತಿ ತೆಗೆದುಕೊಂಡು ನೋಡಬೇಕು.

ಹಳೇ ಬಂದರಿಗೆ ಒಂದು ತೊಂದರೆ ಇತ್ತು. ಅಳಿವೆಯಲ್ಲಿ ಮರಳು ತುಂಬಿಕೊಳ್ಳುತ್ತಿತ್ತು, ದೊಡ್ಡ ಹಡಗು ಒಳಗೆ ಬರುವ ಹಾಗಿರಲಿಲ್ಲ, ಮಳೆಗಾಲದಲ್ಲಂತೂ ಬಾಗಿಲು ಹಾಕಿದ ಹಾಗೇ. ಅದಕ್ಕೇ ಉತ್ತರಕ್ಕೆ ಪಣಂಬೂರಿನಲ್ಲಿ ಭೂಮಿಯನ್ನೇ ಅಗೆದು ನವಮಂಗಳೂರು ಬಂದರು ಮಾಡಿದರು. ಅದು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಕುದುರೆಮುಖದ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಘಟ್ಟದಿಂದ ನೇರವಾಗಿ ಅಲ್ಲಿಗೇ ಇಳಿಸುತ್ತಿದ್ದರು, 2005ರ ಕೊನೆಗೆ ಗಣಿ ನಿಲ್ಲುವ ತನಕ. ನಮ್ಮ ಕಾಫಿಯೂ ಈಗ ಆ ಬಂದರಿನಿಂದಲೇ ಹಡಗು ಹತ್ತುತ್ತದೆ. ಗೋದಾಮಿಗೆ ಮೂಟೆ ಹಾಕಿ ದುಡ್ಡು ಎಣಿಸಿಕೊಂಡರೆ ಕಾಫಿ ನಮ್ಮ ಕೈ ಬಿಟ್ಟ ಹಾಗೆ. ಅದರ ಮುಂದಿನ ದಾರಿ ಮಂಗಳೂರಿನದು.

ಈಗ ಹೆಂಚಿನ ವಿಷಯ. ನನಗೆ ಇದು ತುಂಬಾ ಪ್ರೀತಿಯದು.

ಮಂಗಳೂರಿನ ಮಣ್ಣು ಕೆಂಪು. ಲಕ್ಷಾಂತರ ವರ್ಷ ಜೋರು ಮಳೆ ಹೊಯ್ದು ಕಲ್ಲಿನ ಬೇರೆ ಅಂಶಗಳೆಲ್ಲ ತೊಳೆದುಹೋಗಿ ಕಬ್ಬಿಣದ ಅಂಶ ಜಾಸ್ತಿ ಉಳಿದ ನೆಲ ಅದು. ಅದನ್ನು ಇಟ್ಟಿಗೆಯ ಆಕಾರಕ್ಕೆ ಕಡಿದರೆ ಮುರಕಲ್ಲು. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಗೋಡೆಗೆ ಇದು ಸಿಕ್ಕಿತು. ಮಾಡಿಗೆ ಬಹುಪಾಲು ಮನೆಗಳಲ್ಲಿ ಹುಲ್ಲೋ ತೆಂಗಿನ ಮಡಲೋ. 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು. ಧರ್ಮಪ್ರಚಾರಕ್ಕೆ ಬಂದವರು ಶಾಲೆ, ನೇಯ್ಗೆ, ಮುದ್ರಣ ಅಂತ ಕೈಹಾಕಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆಬದಿಯ ಜೇಡಿಮಣ್ಣು ಹತ್ತಿರದಲ್ಲೇ ಇತ್ತು, ಸುಡಲು ಸೌದೆ ಇತ್ತು, ಸಾಗಿಸಲು ನೀರಿನ ದಾರಿ ಇತ್ತು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಹೆಂಚು, ಎಂಥ ಮಳೆಗೂ ಜಾರುವುದಿಲ್ಲ, ಒಂದು ಒಡೆದರೆ ಅದನ್ನು ಮಾತ್ರ ತೆಗೆದು ಬೇರೆ ಹಾಕಬಹುದು. ನೋಡುತ್ತಾ ನೋಡುತ್ತಾ ಊರಿನವರೂ ಕಾರ್ಖಾನೆ ಹಾಕಿದರು, ಹೆಂಚು ಹಡಗಿನಲ್ಲಿ ದೂರದ ದೇಶಗಳಿಗೆ ಹೋಯಿತು, ಗಾಡಿಯಲ್ಲಿ ಘಟ್ಟ ಹತ್ತಿ ನಮ್ಮಲ್ಲಿಗೂ ಬಂತು. ಸಕಲೇಶಪುರ, ಮೂಡಿಗೆರೆ, ಆಲೂರು ಕಡೆಯ ಹಳೇ ಮನೆಯ ಅಟ್ಟ ಹತ್ತಿ ಹೆಂಚಿನ ಅಡಿಭಾಗ ನೋಡಿ. ಕಾರ್ಖಾನೆಯ ಹೆಸರು, ಕೆಲವದರಲ್ಲಿ ಇಸವಿ ಕೂಡ ಅಚ್ಚಾಗಿರುತ್ತದೆ. ಈಗ ಆ ಕಾರ್ಖಾನೆಗಳಲ್ಲಿ ಬಹಳಷ್ಟು ಮುಚ್ಚಿವೆ. ನಾವೂ ಹೆಂಚು ಇಳಿಸಿ ಶೀಟು ಹಾಕುತ್ತಿದ್ದೇವೆ. ದಯವಿಟ್ಟು ಒಳ್ಳೇ ಹೆಂಚನ್ನು ಗುಜರಿಗೆ ಹಾಕಬೇಡಿ.

ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು, ಕಲ್ಲಚ್ಚಿನಲ್ಲಿ ಛಾಪಿಸಿದ್ದು. ಜುಲೈ 1 ನಮಗೆ ಪತ್ರಿಕಾ ದಿನ ಆಗಿದ್ದು ಇದರಿಂದಲೇ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇಲ್ಲೇ. ಊರಿನ ಮಾತು ತುಳು, ಕೊಂಕಣಿ, ಬ್ಯಾರಿ, ಆದರೂ ಕನ್ನಡಕ್ಕೆ ಇಷ್ಟು ದೊಡ್ಡ ಕೆಲಸ ಅಲ್ಲಿ ಆಯಿತಲ್ಲ ಅಂತ ನನಗೆ ಪ್ರತಿ ಸಲವೂ ಅನಿಸುತ್ತದೆ. ಬಲ್ಮಠದ ಗುಡ್ಡದ ಕಡೆ ಹೋದರೆ ಮಿಷನ್ ಕಾಲದ ಕಟ್ಟಡಗಳು ಈಗಲೂ ಕಾಣುತ್ತವೆ.

ಮಿಷನ್ನಿನ ಈ ಕೆಲಸಗಳೆಲ್ಲ ಆಗುವಾಗ ಮಂಗಳೂರು ನಮ್ಮ ರಾಜ್ಯದಲ್ಲಿ ಇರಲೇ ಇಲ್ಲ ಅನ್ನುವುದು ನೆನಪಿರಲಿ. ಹಾಸನ ಮೈಸೂರು ಸಂಸ್ಥಾನದಲ್ಲಿ, ಮಂಗಳೂರು ಮದರಾಸು ಪ್ರಾಂತ್ಯದಲ್ಲಿ. ಎರಡೂ ಒಂದಾದದ್ದು 1956ರಲ್ಲಿ. ಅವರ ಶಾಲೆ, ಕೋರ್ಟು, ಕಾಗದಪತ್ರ ಎಲ್ಲ ಮದರಾಸಿನ ಕಡೆಗೆ ನೋಡುತ್ತಿದ್ದವು. ಆದರೂ ಜನ ಗಡಿ ನೋಡಲಿಲ್ಲ. ಕಾಫಿ ತೋಟಗಳಿಗೆ ಕೆಲಸಕ್ಕೆ ಅಂತ ತುಳುನಾಡಿನಿಂದ ತಲೆಮಾರುಗಟ್ಟಲೆ ಜನ ಘಟ್ಟ ಹತ್ತಿದರು. ನಮ್ಮ ಮಲೆನಾಡಿನ ತೋಟದ ಲೈನುಗಳಲ್ಲಿ, ಪೇಟೆಯ ಅಂಗಡಿಗಳಲ್ಲಿ ತುಳು, ಬ್ಯಾರಿ ಕೇಳಿಸುವುದು ಹಾಗೆ. ಹಾಗೇ ದುಡ್ಡಿನ ಶಿಸ್ತು ಕೂಡ ಅಲ್ಲಿಂದ ಬಂತು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ, ಮೂರೂ ಮಂಗಳೂರಿನಲ್ಲೇ ಹುಟ್ಟಿದ್ದು.

ನೋಡಲೇಬೇಕಾದ ಇನ್ನೊಂದು ಜಾಗ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿ ಗೋಡೆ, ಮೇಲ್ಛಾವಣಿ ಎಲ್ಲವನ್ನೂ ಚಿತ್ರದಿಂದ ತುಂಬಿದ್ದಾರೆ. ತಲೆ ಎತ್ತಿ ನೋಡುತ್ತಾ ಕುತ್ತಿಗೆ ನೋಯುತ್ತದೆ, ಬೆಂಚಿನ ಮೇಲೆ ಕೂತು ನೋಡಿ. ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನವನ್ನು 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದರು, ಆಗ ಬೇರೆ ದೇವಸ್ಥಾನಗಳೊಳಗೆ ಬಿಡದಿದ್ದ ಜನಕ್ಕೆ ತಮ್ಮದೇ ದೇವರು ಸಿಕ್ಕಿದ ಜಾಗ ಅದು. ಅಲ್ಲಿನ ದಸರಾ ಮೈಸೂರಿನ ಥರ ಅರಮನೆಯದಲ್ಲ, ಬೀದಿಯದು. ತಾಸೆಯ ಪೆಟ್ಟಿಗೆ ಹುಲಿವೇಷ ಕುಣಿಯುವುದನ್ನು ಹತ್ತಿರ ನಿಂತು ನೋಡಿದರೆ ನಿಮ್ಮ ಕಾಲೂ ಸುಮ್ಮನಿರುವುದಿಲ್ಲ.

ಊಟದ ಬಗ್ಗೆ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ, ಆದರೆ ನಮ್ಮವರು ಅಲ್ಲಿಗೆ ಹೋಗಿಯೂ ಬಿರಿಯಾನಿ, ಗೋಬಿ ಕೇಳುತ್ತಾರೆ! ಬೆಳಗ್ಗೆ ಬನ್ಸು ಅಥವಾ ನೀರುದೋಸೆ, ಸಂಜೆ ಗೋಳಿಬಜೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಕೊಡುವ ಸಣ್ಣ ಹೋಟೆಲು. ನಮ್ಮ ನಾಲಿಗೆಗೆ ಕುಚ್ಚಲಕ್ಕಿ ಮೊದಲು ದಪ್ಪ ಅನಿಸುತ್ತದೆ, ಮೀನಿನ ಗಸಿ ಹಾಕಿಕೊಂಡರೆ ಅದಕ್ಕೆ ಅದೇ ಸರಿ ಅಂತ ಗೊತ್ತಾಗುತ್ತದೆ. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಮರುವಾಯಿ ಸುಕ್ಕ, ಕೋರಿ ರೊಟ್ಟಿ. ಮೀನು ತಿನ್ನದವರು ಪತ್ರೊಡೆ, ಮಂಗಳೂರು ಸೌತೆಯ ಹುಳಿ, ಬಸಳೆ ಕೇಳಿ. ಬಾಯಾರಿಕೆಗೆ ಪುನರ್ಪುಳಿ ಶರಬತ್ತು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಧಕ್ಕೆಗೆ ಹೋಗಿ. ಬೋಟುಗಳು ಬಂದು ಮೀನು ಇಳಿಸುವುದು, ಹೆಂಗಸರು ಏಲಂ ಕೂಗುವುದು, ಐಸು ಹಾಕುವುದು. ಅಲ್ಲಿಂದಲೇ ಮೀನಿನ ಗಾಡಿ ಘಟ್ಟ ಹತ್ತಿ ನಮ್ಮೂರಿಗೆ ಬರುವುದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮೀನು ಮರಿ ಮಾಡುವ ಕಾಲ ಅದು. ಆಗ ಒಳ್ಳೇ ಮೀನು ಅಂತ ಹುಡುಕಿಕೊಂಡು ಹೋಗಬೇಡಿ.

ಹವೆಯ ಮಾತಿಗೆ ಬಂದರೆ, ನಾವು 900 ಮೀಟರಿಗೂ ಎತ್ತರದಲ್ಲಿ ಇರುವವರು, ಅಲ್ಲಿ ಇಳಿದ ತಕ್ಷಣ ಬೆವರು ಸುರಿಯುತ್ತದೆ. ಮಾರ್ಚಿನಿಂದ ಮೇ ತನಕ ಸೆಖೆ ತಡೆಯಲು ಆಗುವುದಿಲ್ಲ. ಥರ್ಮಾಮೀಟರ್ ತೋರಿಸುವುದಕ್ಕಿಂತ ಮೈಗೆ ಆಗುವ ಸೆಖೆ ಜಾಸ್ತಿ, ಗಾಳಿಯಲ್ಲಿ ಅಷ್ಟು ನೀರಿನ ಅಂಶ. ಜೂನ್ ಮೊದಲ ವಾರದ ಆಸುಪಾಸಿಗೆ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹಾಸನ ಪೇಟೆಗೆ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು, ಮಂಗಳೂರಿಗೆ 3500ಕ್ಕೂ ಜಾಸ್ತಿ. ಕಡಲಿನಿಂದ ಎದ್ದ ಮೋಡ ಘಟ್ಟಕ್ಕೆ ಬಡಿದು ಮೇಲೇರಿ ಅಲ್ಲೇ ಸುರಿದು ಖಾಲಿಯಾಗುತ್ತದೆ, ಹಾಸನದ ತನಕ ಬರುವುದು ಮಿಕ್ಕಿದ್ದು. ಮಳೆಗಾಲದಲ್ಲಿ ಕಡಲಿಗೆ ಮಾತ್ರ ಇಳಿಯಬೇಡಿ. ಮೊಣಕಾಲಿನ ನೀರು ಅಂತ ನಿಂತವರನ್ನೂ ಅಡಿಯ ಸೆಳೆತ ಎಳೆದುಕೊಂಡು ಹೋಗುತ್ತದೆ. ಸೋಮೇಶ್ವರದ ಬಂಡೆಗಳ ಮೇಲಂತೂ ಹತ್ತಲೇಬಾರದು. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ.

ಹೋಗಲು ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಹವೆಯ ಕಾರಣ ಅರ್ಧ ಮಾತ್ರ, ಇನ್ನರ್ಧ ಕಾರಣ ಭೂತಕೋಲ, ಕಂಬಳ, ಯಕ್ಷಗಾನದ ಆಟ. ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬಂದರೆ ಭೂತಕೋಲ, ಜಾತ್ರೆ ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ಹೋಗಿ 'ಕೋಲ ಎಲ್ಲಿದೆ' ಅಂತ ಕೇಳಿದರೆ ಯಾರೂ ತೋರಿಸಲಾರರು. ಕೋಲ ಸಿಕ್ಕಿದರೆ ಅದು ಪ್ರದರ್ಶನ ಅಲ್ಲ, ಒಂದು ಮನೆಯ, ಒಂದು ಊರಿನ ನ್ಯಾಯಸ್ಥಾನ ಅಂತ ತಿಳಿದು ನಿಲ್ಲಿ. ದೈವದ ಎದುರು ಜನ ತಮ್ಮ ಜಗಳ, ಕಷ್ಟ ಹೇಳಿಕೊಳ್ಳುತ್ತಾರೆ. ಮುಖದ ಹತ್ತಿರ ಮೊಬೈಲ್ ಹಿಡಿಯುವುದು, ದಾರಿಗೆ ಅಡ್ಡ ನಿಲ್ಲುವುದು, ಸಿನಿಮಾ ನೋಡಿ ಬಂದವರ ಹಾಗೆ ಕೂಗುವುದು ಬೇಡ. ಅವರಿಗೆ ನಿಜವಾಗಿ ನೋವಾಗುತ್ತದೆ.

ಹೋಗುವ ದಾರಿ: ಹಾಸನದಿಂದ ಶಿರಾಡಿ ಮೇಲೆ ಸುಮಾರು 170 ಕಿಲೋಮೀಟರ್. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ಹತ್ತಿರ. ಆದರೆ ಮೊದಲ ಸಲ ಹೋಗುವವರು ಹಗಲಿನ ರೈಲು ಸಿಕ್ಕಿದರೆ ರೈಲಲ್ಲೇ ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿಲೋಮೀಟರಿನಲ್ಲಿ 57 ಸುರಂಗ. ಎಡಕುಮೇರಿ ದಾಟುವಾಗ ಕಿಟಕಿಯ ಪಕ್ಕ ಇರಿ. ಜುಲೈ, ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ, ರೈಲು ಎರಡೂ ನಿಲ್ಲುವುದುಂಟು, ಹೊರಡುವ ಮುಂಚೆ ಸಕಲೇಶಪುರದಲ್ಲಿ ಯಾರನ್ನಾದರೂ ಫೋನ್ ಮಾಡಿ ಕೇಳಿಕೊಳ್ಳಿ. ಎರಡು ರಾತ್ರಿ ಉಳಿಯುವ ಹಾಗೆ ಹೋಗಿ, ರೂಮು ಹಂಪನಕಟ್ಟೆಯ ಆಸುಪಾಸು ಮಾಡಿ. ಅಲ್ಲಿಂದ ರಥಬೀದಿ, ಬಂದರು, ಧಕ್ಕೆ ಎಲ್ಲ ನಡೆದೇ ಹೋಗಬಹುದು. ಉಳಿದ ಕಡೆಗೆ ಸಿಟಿ ಬಸ್ಸು ಹತ್ತಿ, ಕಂಡಕ್ಟರನ್ನು ಕೇಳಿದರೆ ಎಲ್ಲಿ ಇಳಿಯಬೇಕು ಅಂತ ಹೇಳುತ್ತಾರೆ.